ಒಬ್ಬೊಬ್ಬರಲ್ಲಿ ಕಂಡ ಮುಖದ ಜಾಗ ಗುಂಪಿನಲ್ಲಿ ಮಾಯವಾದರೆ: ಮಿದುಳಿನ ಡೇಟಾದಲ್ಲಿ ದೋಷ ಹುಡುಕುವ ಕೈಪಿಡಿ

ಇಪ್ಪತ್ತು ಜನರ ಎಫ್‌ಎಂಆರ್‌ಐ ಸ್ಕ್ಯಾನ್ (ಮಿದುಳಿನ ರಕ್ತದ ಪ್ರತಿಕ್ರಿಯೆ ಅಳೆಯುವ ಎಂಆರ್‌ಐ) ಮುಗಿದಿದೆ. ಮುಖದ ಫೋಟೊ ತೋರಿಸಿದಾಗ ಮಿದುಳು ಏನು ಮಾಡುತ್ತದೆ, ಕುರ್ಚಿ, ಲೋಟ, ಕತ್ತರಿ ತೋರಿಸಿದಾಗ ಏನು ಮಾಡುತ್ತದೆ ಅಂತ ಹೋಲಿಸಬೇಕು. ಕಂಪ್ಯೂಟರ್ ರಾತ್ರಿಯಿಡೀ ಓಡಿ ಬೆಳಿಗ್ಗೆ ಗುಂಪಿನ ಮ್ಯಾಪ್, ಅಂದರೆ ಎಲ್ಲರ ಪ್ರತಿಕ್ರಿಯೆ ಸೇರಿಸಿದ ಮಿದುಳಿನ ನಕ್ಷೆ, ಕೊಟ್ಟಿದೆ. ತೆರೆದು ನೋಡಿದರೆ ಖಾಲಿ. ಅಥವಾ ಇರಬಾರದ ಕಡೆ ಏನೋ ಹೊಳೆಯುತ್ತಿದೆ.

ಈ ಹೊತ್ತಿನಲ್ಲಿ ಕೈ ತಾನಾಗಿ ಥ್ರೆಶೋಲ್ಡ್ (ಎಷ್ಟು ಬಲವಾದ ಪ್ರತಿಕ್ರಿಯೆ ಬಂದರೆ ನಿಜ ಅಂತ ಒಪ್ಪಬೇಕು ಅನ್ನುವ ಗೆರೆ) ಇಳಿಸಲು ಹೋಗುತ್ತದೆ. ದಯವಿಟ್ಟು ಬೇಡ. ಥ್ರೆಶೋಲ್ಡ್ ಇಳಿಸಿದರೆ ಏನಾದರೂ ಒಂದು ಸಿಕ್ಕೇ ಸಿಗುತ್ತದೆ, ಆದರೆ ದೋಷ ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಯವರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರ್‌ನಲ್ಲಿಟ್ಟು ಮನುಷ್ಯರ ಫೋಟೊ ತೋರಿಸಿದರು. ಸಾವಿರಾರು ವೋಕ್ಸೆಲ್‌ಗಳನ್ನು (ಮಿದುಳಿನ ಚಿತ್ರದ ಪುಟ್ಟ ಘನಗಳನ್ನು) ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿ ಮಾಡದೆ ನೋಡಿದರೆ ಆ ಮೀನಿನ ಮಿದುಳೂ 'ಪ್ರತಿಕ್ರಿಯೆ' ತೋರಿಸಿತು. ಲೆಕ್ಕ ಸರಳ. 50,000 ವೋಕ್ಸೆಲ್ ಇದ್ದು, ಪ್ರತಿಯೊಂದಕ್ಕೂ 0.001ರ ಗೆರೆ (ಆಕಸ್ಮಿಕವಾಗಿ ದಾಟುವ ಸಂಭವ ಸಾವಿರಕ್ಕೊಂದು) ಇಟ್ಟರೆ, ಏನೂ ಇಲ್ಲದ ಡೇಟಾದಲ್ಲೂ ಸುಮಾರು 50 ವೋಕ್ಸೆಲ್ ಸುಮ್ನೆ ಹೊಳೆಯುತ್ತವೆ.

ಹಾಗಾದರೆ ಏನು ನೋಡಬೇಕು? ಕಣ್ಣಿಗೆ ಕಾಣುವ ಲಕ್ಷಣ ಯಾವುದು ಅನ್ನುವುದರಿಂದ ಶುರು ಮಾಡೋಣ. ಮೊದಲು ಖರ್ಚಿಲ್ಲದ ತಪಾಸಣೆಗಳು, ಆಮೇಲೆ ಕಷ್ಟದವು. ಏನೇ ಬದಲಾಯಿಸಿದರೂ ಪ್ರತಿಯಲ್ಲಿ ಬದಲಾಯಿಸಿ, ಮೂಲ ಡೇಟಾ ಮುಟ್ಟಬೇಡಿ. ಏನು ಬದಲಾಯಿಸಿದಿರಿ ಅಂತ ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆಯಿರಿ.

ಮೊದಲು ತಿಳಿದಿರಬೇಕಾದದ್ದು

ಕಿವಿಯ ಹಿಂದೆ, ಮಿದುಳಿನ ತಳಭಾಗದಲ್ಲಿ ಫ್ಯೂಸಿಫಾರ್ಮ್ ಅನ್ನುವ ಉದ್ದನೆಯ ಮಡಿಕೆ ಇದೆ. ಅದರ ಒಂದು ಸಣ್ಣ ಭಾಗ ಬೇರೆ ವಸ್ತುಗಳಿಗಿಂತ ಮುಖಕ್ಕೆ ಜಾಸ್ತಿ ಸ್ಪಂದಿಸುತ್ತದೆ. 1997ರಲ್ಲಿ ನ್ಯಾನ್ಸಿ ಕಾನ್‌ವಿಷರ್, ಜೋಶ್ ಮೆಕ್‌ಡರ್ಮಟ್, ಮಾರ್ವಿನ್ ಚುನ್ ಇದಕ್ಕೆ ಫ್ಯೂಸಿಫಾರ್ಮ್ ಫೇಸ್ ಏರಿಯಾ ಅಂತ ಹೆಸರಿಟ್ಟರು. ಚಿಕ್ಕದಾಗಿ ಎಫ್‌ಎಫ್‌ಎ. ಅವರು 15 ಜನರನ್ನು ನೋಡಿದರು, 12 ಜನರಲ್ಲಿ ಸಿಕ್ಕಿತು. ಇಲ್ಲಿ ಗಮನಿಸಬೇಕಾದದ್ದು ಅವರು ನೋಡಿದ ರೀತಿ. ಎಲ್ಲರನ್ನೂ ಸೇರಿಸಿ ಸರಾಸರಿ ತೆಗೆದು ಹುಡುಕಲಿಲ್ಲ. ಒಬ್ಬೊಬ್ಬರ ಮಿದುಳಿನಲ್ಲಿ ಆ ಜಾಗವನ್ನು ಮೊದಲು ಗುರುತಿಸಿ, ಅದೇ ಜಾಗದಲ್ಲಿ ಮುಂದಿನ ಪ್ರಶ್ನೆಗಳನ್ನು ಕೇಳಿದರು.

ಯಾಕೆ ಹಾಗೆ? ನಮ್ಮ ಕಡೆ ಮನೆ ಕಟ್ಟುವಾಗ ದೇವರ ಕೋಣೆಯನ್ನು ಸಾಮಾನ್ಯವಾಗಿ ಈಶಾನ್ಯದಲ್ಲಿ ಇಡುತ್ತಾರೆ, ಅಲ್ವಾ? ಹಾಗಂತ ಇಪ್ಪತ್ತು ಮನೆಗಳ ನಕ್ಷೆಯನ್ನು ಒಂದರ ಮೇಲೊಂದು ಇಟ್ಟು ಒಂದೇ ಕಡೆ ಸೂಜಿ ಚುಚ್ಚಿದರೆ, ಅದು ಎಲ್ಲರ ದೇವರ ಕೋಣೆಗೂ ತಾಗುವುದಿಲ್ಲ. ಕೆಲವರ ಮನೆಯಲ್ಲಿ ಪಕ್ಕದ ಅಡುಗೆಮನೆಗೆ ತಾಗುತ್ತದೆ. ಇನ್ನು ಕೆಲವರಲ್ಲಿ ಗೋಡೆಗೆ. ಕೋಣೆ ಎಲ್ಲ ಮನೆಯಲ್ಲೂ ಇದೆ, ಮೂಲೆಯೂ ಹೆಚ್ಚುಕಡಿಮೆ ಅದೇ. ಅಳತೆ ಮಾತ್ರ ಬೇರೆ ಬೇರೆ. ಗುಂಪಿನ ಮ್ಯಾಪ್ ಮಾಡುವುದು ಸೂಜಿ ಚುಚ್ಚುವ ಕೆಲಸ. ಒಬ್ಬೊಬ್ಬರ ಮ್ಯಾಪ್ ಅಂದರೆ ಒಳಗೆ ಹೋಗಿ ದೀಪ ಎಲ್ಲಿ ಉರಿಯುತ್ತಿದೆ ಅಂತ ನೋಡುವುದು.

ಲಕ್ಷಣ: ಗುಂಪಿನಲ್ಲೂ ಇಲ್ಲ, ಒಬ್ಬರಲ್ಲೂ ಇಲ್ಲ

ಇದು ಮಿದುಳಿನ ವಿಷಯ ಆಗಿರುವುದು ಬಹಳ ಕಡಿಮೆ. ಇಪ್ಪತ್ತು ಜನರಲ್ಲಿ ಯಾರಲ್ಲೂ ಮುಖದ ಜಾಗ ಸಿಗಲಿಲ್ಲ ಅಂದರೆ ಮೊದಲು ನಿಮ್ಮ ಫೈಲ್ ಮೇಲೆ ಅನುಮಾನ ಪಡಿ.

ಐದು ನಿಮಿಷದ ತಪಾಸಣೆ ಒಂದಿದೆ. ಮುಖ ಮತ್ತು ವಸ್ತು ಎರಡನ್ನೂ ಸೇರಿಸಿ ಖಾಲಿ ಪರದೆಯ ಜೊತೆ ಹೋಲಿಸಿ. ಚಿತ್ರ ಯಾವುದೇ ಇರಲಿ, ಕಣ್ಣಿಗೆ ಬಿದ್ದರೆ ತಲೆಯ ಹಿಂಭಾಗದ ದೃಷ್ಟಿ ಪ್ರದೇಶ ಜೋರಾಗಿ ಹೊಳೆಯಲೇಬೇಕು. ಅದು ಹೊಳೆಯುತ್ತಿದ್ದರೆ ಸಮಯದ ಲೆಕ್ಕ ಹೆಚ್ಚುಕಡಿಮೆ ಸರಿ ಇದೆ ಅಂತ ಅರ್ಥ, ಆಗ ಮುಖ ಮತ್ತು ವಸ್ತುವಿನ ಹೆಸರುಪಟ್ಟಿ ಅದಲುಬದಲಾಗಿದೆಯೇ ನೋಡಿ. ಅಲ್ಲೂ ಕತ್ತಲೆ ಅಂದರೆ ಚಿತ್ರ ಬಂದ ಸಮಯ ಮತ್ತು ಸ್ಕ್ಯಾನ್ ಆದ ಸಮಯ ಒಂದಕ್ಕೊಂದು ಹೊಂದುತ್ತಿಲ್ಲ. ಅಥವಾ ಪರದೆಯೇ ಕಾಣುತ್ತಿರಲಿಲ್ಲ.

ಸಮಯದ ತಪ್ಪು ಎರಡು ಕಡೆ ಅಡಗಿರುತ್ತದೆ. ಒಂದು, ಅಳತೆಯ ಘಟಕ. ಎಸ್‌ಪಿಎಂನಂಥ ಸಾಫ್ಟ್‌ವೇರ್‌ನಲ್ಲಿ ಸಮಯವನ್ನು ಸೆಕೆಂಡ್‌ನಲ್ಲಿ ಕೊಡುತ್ತೀರೋ ಸ್ಕ್ಯಾನ್ ಸಂಖ್ಯೆಯಲ್ಲಿ ಕೊಡುತ್ತೀರೋ ಅಂತ ಆರಿಸಬೇಕು. ಒಂದು ಸ್ಕ್ಯಾನ್‌ಗೆ 2 ಸೆಕೆಂಡ್ ಅಂತಿದ್ದು, ಸೆಕೆಂಡ್ ಲೆಕ್ಕ ಕೊಟ್ಟು 'ಸ್ಕ್ಯಾನ್' ಅಂತ ಆರಿಸಿದರೆ ಎಲ್ಲ ಸಮಯವೂ ದುಪ್ಪಟ್ಟಾಗುತ್ತದೆ.

ಎರಡನೆಯದು ನನಗೇ ಆಗಿದ್ದು. ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಂದು ಲ್ಯಾಬ್‌ನ ಡೇಟಾದ ಮುಂದೆ ಮೂರು ದಿನ ಕೂತಿದ್ದೆ. 16 ಸೆಕೆಂಡ್ ಮುಖ, 16 ಸೆಕೆಂಡ್ ವಸ್ತು, ಮತ್ತೆ ಮುಖ, ಹೀಗೆ ಬ್ಲಾಕ್‌ಗಳು. ಆಯಸ್ಕಾಂತದ ಸಿಗ್ನಲ್ ಸ್ಥಿರವಾಗಲಿ ಅಂತ ಮೊದಲ 4 ಸ್ಕ್ಯಾನ್‌ಗಳನ್ನು ತೆಗೆದುಹಾಕಿದ್ದೆ. ಅಂದರೆ 8 ಸೆಕೆಂಡ್. ಆದರೆ ಸಮಯದ ಪಟ್ಟಿಯಿಂದ ಆ 8 ಸೆಕೆಂಡ್ ಕಳೆದಿರಲಿಲ್ಲ. ಹೀಗಾಗಿ ಪ್ರತಿ 'ಮುಖ' ಬ್ಲಾಕ್‌ನಲ್ಲಿ ಅರ್ಧ ಮುಖ, ಅರ್ಧ ವಸ್ತು. ಪ್ರತಿ 'ವಸ್ತು' ಬ್ಲಾಕ್‌ನಲ್ಲೂ ಹಾಗೇ. ಎರಡರ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆ. ಮಿದುಳು ತನ್ನ ಕೆಲಸ ಸರಿಯಾಗೇ ಮಾಡಿತ್ತು. ಮೂರನೇ ದಿನ ಸಂಜೆ, ಒಂದು ವೋಕ್ಸೆಲ್‌ನ ಸಿಗ್ನಲ್ಲನ್ನು ಗ್ರಾಫ್ ಹಾಕಿ ಅದರ ಮೇಲೆ ಬ್ಲಾಕ್‌ಗಳ ಗೆರೆ ಎಳೆದಾಗ ಕಣ್ಣಿಗೆ ಬಿತ್ತು. ಮುಖದ ಬ್ಲಾಕ್ ಶುರುವಾಗುವ ಮೊದಲೇ ಸಿಗ್ನಲ್ ಏರತೊಡಗಿತ್ತು! ರಕ್ತದ ಪ್ರತಿಕ್ರಿಯೆ ಚಿತ್ರ ಬಂದು 5-6 ಸೆಕೆಂಡ್ ಆದ ಮೇಲೆ ತುದಿ ಮುಟ್ಟುವಂಥದ್ದು, ಮುಂಚೆ ಏರುವುದು ಸಾಧ್ಯವೇ ಇಲ್ಲ. ಈಗಲೂ ನಾನು ಯಾವ ಡೇಟಾ ಬಂದರೂ ಮೊದಲು ಈ ಒಂದು ಗ್ರಾಫ್ ಹಾಕುತ್ತೇನೆ.

ಲಕ್ಷಣ: ಒಬ್ಬೊಬ್ಬರಲ್ಲಿ ಚೆನ್ನಾಗಿ ಕಾಣುತ್ತದೆ, ಗುಂಪಿನಲ್ಲಿ ಇಲ್ಲ ಅಥವಾ ತುಂಬ ಮಂಕು

ಈ ದೂರು ಎಲ್ಲಕ್ಕಿಂತ ಸಾಮಾನ್ಯ. ಇಲ್ಲಿ ಆತುರ ಬೇಡ.

ಮೊದಲ ಕೆಲಸಕ್ಕೆ ಕಾಗದ, ಪೆನ್ಸಿಲ್ ಸಾಕು. ಪ್ರತಿಯೊಬ್ಬರ ಮ್ಯಾಪ್ ತೆರೆದು ಫ್ಯೂಸಿಫಾರ್ಮ್ ಮಡಿಕೆಯಲ್ಲಿ ಅತಿ ಹೆಚ್ಚು ಹೊಳೆಯುವ ಬಿಂದುವಿನ ಸ್ಥಾನ ಹೇಳುವ ಮೂರು ಅಂಕೆಗಳನ್ನು (ಅಡ್ಡ, ಹಿಂದೆ-ಮುಂದೆ, ಮೇಲೆ-ಕೆಳಗೆ, ಮಿಲಿಮೀಟರ್‌ನಲ್ಲಿ) ಬರೆದುಕೊಳ್ಳಿ. ಉದಾಹರಣೆಗೆ, ಒಬ್ಬರಲ್ಲಿ 38, −46, −20 ಬಂತು, ಇನ್ನೊಬ್ಬರಲ್ಲಿ 44, −58, −16 ಬಂತು ಅಂತಿಟ್ಟುಕೊಳ್ಳಿ. ವ್ಯತ್ಯಾಸ 6, 12, 4. ವರ್ಗ ಮಾಡಿ ಕೂಡಿದರೆ 196, ಅದರ ವರ್ಗಮೂಲ 14. ಅಂದರೆ ಇಬ್ಬರ ಮುಖದ ಜಾಗದ ನಡುವೆ 14 ಮಿಲಿಮೀಟರ್ ಅಂತರ. ವೋಕ್ಸೆಲ್ 3 ಮಿಲಿಮೀಟರ್ ಇದ್ದರೆ ನಾಲ್ಕೈದು ವೋಕ್ಸೆಲ್ ಆಚೆ. ಇಬ್ಬರ ಮಿದುಳನ್ನೂ ಎಂಎನ್‌ಐ ಮಾದರಿಗೆ (ಎಲ್ಲರ ಮಿದುಳನ್ನೂ ಹೋಲಿಸಲು ಬಳಸುವ ಸರಾಸರಿ ಮಿದುಳಿಗೆ) ಹೊಂದಿಸಿದ ಮೇಲೂ ಇಷ್ಟು ಅಂತರ ಉಳಿಯುತ್ತದೆ ಅಂತ ಕಂಡರೆ ಬೆಚ್ಚಿ ಬೀಳಬೇಡಿ, ಇದು ಸಹಜ. ಮಿದುಳಿನ ಮಡಿಕೆಗಳು ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಮುಖದ ಜಾಗವೂ ಒಂದೇ ಮುದ್ದೆಯಾಗಿ ಇರಬೇಕಾಗಿಲ್ಲ. ಕೆವಿನ್ ವೀನರ್, ಕಲಾನಿತ್ ಗ್ರಿಲ್-ಸ್ಪೆಕ್ಟರ್ ತೋರಿಸಿದ ಹಾಗೆ ಹಿಂದೊಂದು ಮುಂದೊಂದು ಎರಡು ತುಣುಕುಗಳು ಇರುತ್ತವೆ. ಒಬ್ಬರಲ್ಲಿ ಹಿಂದಿನದು ಜೋರು, ಇನ್ನೊಬ್ಬರಲ್ಲಿ ಮುಂದಿನದು ಜೋರು ಅಂದರೆ ಅಂತರ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಅಂಕೆಗಳನ್ನು ಬರೆದ ಮೇಲೆ ಹಾಳೆ ಏನು ಹೇಳುತ್ತದೆ ನೋಡಿ. ಎಲ್ಲ ಬಿಂದುಗಳೂ ಒಂದೂವರೆ ಸೆಂಟಿಮೀಟರ್‌ನೊಳಗೆ ಚೆದುರಿದ್ದರೆ ಅದು ಜನರ ನಡುವಿನ ನಿಜವಾದ ವ್ಯತ್ಯಾಸ. ಮೂರ್ನಾಲ್ಕು ಜನರದ್ದು ಮಾತ್ರ ತುಂಬ ದೂರ, ಅದೂ ಒಂದೇ ದಿಕ್ಕಿಗೆ ಸರಿದಿದ್ದರೆ ಮಿದುಳನ್ನು ಮಾದರಿಗೆ ಹೊಂದಿಸುವ ಹಂತ ಕೆಟ್ಟಿದೆ.

ಆ ಹಂತವನ್ನು ಕಣ್ಣಿಂದಲೇ ಪರೀಕ್ಷಿಸಬೇಕು. ಪ್ರತಿಯೊಬ್ಬರ ಮಿದುಳನ್ನು ಮಾದರಿಯ ಮೇಲಿಟ್ಟು ನಡುವಿನ ಕುಹರಗಳ ಅಂಚು, ಮಿದುಳಿನ ಹೊರ ಅಂಚು ಹೊಂದುತ್ತವೆಯೇ ನೋಡಿ. ಮುಖದ ವಿಷಯಕ್ಕೆ ಇನ್ನೊಂದು ಗೆರೆ ಬಹಳ ಮುಖ್ಯ. ಫ್ಯೂಸಿಫಾರ್ಮ್ ಮಡಿಕೆಯ ಕೆಳಗೆ ತೆಳುವಾದ ಪೊರೆ, ಅದರ ಕೆಳಗೆ ಕಿರುಮಿದುಳು. ನಾಲ್ಕೈದು ಮಿಲಿಮೀಟರ್ ತಪ್ಪಿದರೂ ಮುಖದ ಜಾಗ ಕಿರುಮಿದುಳಿನೊಳಗೆ ಬಿದ್ದುಬಿಡುತ್ತದೆ. ಇಪ್ಪತ್ತು ಜನರನ್ನು ನೋಡಲು ಒಂದು ಗಂಟೆ ಹಿಡಿಯಬಹುದು. ಆ ಗಂಟೆ ವ್ಯರ್ಥವಲ್ಲ.

ಹೊಂದಾಣಿಕೆ ಸರಿ ಇದ್ದು, ಚೆದುರುವಿಕೆ ನಿಜ ಅಂತಾದರೆ ಮುಂದೇನು? ಸ್ಮೂದಿಂಗ್ (ಪ್ರತಿ ವೋಕ್ಸೆಲ್‌ನ ಸಿಗ್ನಲ್ಲನ್ನು ಅಕ್ಕಪಕ್ಕದವುಗಳ ಜೊತೆ ಬೆರೆಸುವುದು) ಜಾಸ್ತಿ ಮಾಡೋಣ ಅನ್ನುವ ಸಲಹೆ ಬೇಗ ಬರುತ್ತದೆ. 8 ಮಿಲಿಮೀಟರ್ ಇದ್ದದ್ದನ್ನು 12 ಮಾಡಿದರೆ ಬಿಂದುಗಳು ಹರಡಿ ಒಂದರ ಮೇಲೊಂದು ಬೀಳುತ್ತವೆ, ಗುಂಪಿನಲ್ಲಿ ಏನೋ ಕಾಣಿಸುತ್ತದೆ. ಬೆಲೆಯೂ ಇದೆ. ಮುಖದ ಜಾಗದ ಪಕ್ಕದಲ್ಲೇ, ಅರ್ಧ ಅದರ ಮೇಲೇ ಹತ್ತಿಕೊಂಡ ಹಾಗೆ, ದೇಹದ ಆಕಾರಕ್ಕೆ ಸ್ಪಂದಿಸುವ ಜಾಗವಿದೆ. ಒಳಬದಿಗೆ ಸ್ವಲ್ಪ ದೂರದಲ್ಲಿ ಮನೆ, ಬೀದಿ, ಬಯಲಿನ ದೃಶ್ಯಗಳಿಗೆ ಸ್ಪಂದಿಸುವ ಜಾಗ. ಜಾಸ್ತಿ ಸ್ಮೂದ್ ಮಾಡಿದರೆ ಮೂರೂ ಕಲಸಿಹೋಗುತ್ತವೆ. ಈಶಾನ್ಯ ಮೂಲೆಯಲ್ಲಿ ದೀಪ ಇದೆ ಅಂತ ಗೊತ್ತಾಗುತ್ತದೆ, ಅದು ದೇವರ ದೀಪವೋ ಅಡುಗೆಮನೆಯ ಒಲೆಯೋ ಅಂತ ಗೊತ್ತಾಗುವುದಿಲ್ಲ.

ನನಗೆ ಸರಿ ಅನ್ನಿಸುವ ದಾರಿ ಬೇರೆ. ಪ್ರತಿಯೊಬ್ಬರಿಗೂ ಎರಡು ಭಾಗದ ಡೇಟಾ ಇರಲಿ. ಒಂದು ಭಾಗದಿಂದ ಅವರವರ ಮುಖದ ಜಾಗವನ್ನು ಗುರುತಿಸಿ, ಇನ್ನೊಂದು ಭಾಗದಿಂದ ಆ ಜಾಗದ ಪ್ರತಿಕ್ರಿಯೆ ಅಳೆಯಿರಿ. ಬಂದ ಇಪ್ಪತ್ತು ಅಂಕೆಗಳನ್ನು ಗುಂಪಾಗಿ ಪರೀಕ್ಷಿಸಿ. ಇಲ್ಲಿ ಸರಾಸರಿ ತೆಗೆಯುವುದು 'ಒಂದೇ ಕೆಲಸ ಮಾಡುವ ಜಾಗ'ಗಳದ್ದು, 'ಒಂದೇ ವಿಳಾಸದ ಜಾಗ'ಗಳದ್ದಲ್ಲ.

ಗುರುತಿಸುವಾಗ ಇಷ್ಟ ಬಂದ ಕಡೆ ಕೈ ಹಾಕಬಾರದು ಅಂದರೆ, 2012ರಲ್ಲಿ ಜೋಶುವಾ ಜೂಲಿಯನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಉಪಯೋಗಕ್ಕೆ ಬರುತ್ತದೆ. ಬಹಳ ಜನರ ಮ್ಯಾಪ್‌ಗಳನ್ನು ಒಂದರ ಮೇಲೊಂದು ಇಟ್ಟು ಮುಖದ ಜಾಗ ಯಾವ ವಠಾರದಲ್ಲಿ ಬರುತ್ತದೆ ಅಂತ ಒಂದು ಅಗಲವಾದ ಬೇಲಿ ಹಾಕುವುದು, ಆಮೇಲೆ ಆ ಬೇಲಿಯೊಳಗೆ ಒಬ್ಬೊಬ್ಬರ ಸ್ವಂತ ಜಾಗ ಆರಿಸುವುದು. ಯಾರು ಮಾಡಿದರೂ ಒಂದೇ ಉತ್ತರ ಬರುತ್ತದೆ. ಫ್ರೀಸರ್ಫರ್‌ನಂಥ ಸಾಫ್ಟ್‌ವೇರ್‌ನಿಂದ ಮಡಿಕೆಗಳ ಆಕಾರ ನೋಡಿ ಹೊಂದಿಸುವುದು ಇದಕ್ಕಿಂತ ಕಷ್ಟದ ಹೆಜ್ಜೆ. ಮಡಿಕೆಗಿಂತ ಪ್ರತಿಕ್ರಿಯೆಯ ವಿನ್ಯಾಸ ನೋಡಿ ಹೊಂದಿಸುವ ಹೈಪರ್‌ಅಲೈನ್‌ಮೆಂಟ್ ಇನ್ನೂ ಕಷ್ಟ. ಅಲ್ಲಿಗೆ ಹೋಗುವ ಮುನ್ನ ಅದನ್ನು ಮಾಡಿ ಅನುಭವ ಇರುವವರ ಜೊತೆ ಕೂರುವುದು ಒಳ್ಳೆಯದು.

ಗುಂಪಿನ ಮ್ಯಾಪ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. 2006ರಲ್ಲಿ ಇದೇ ವಿಷಯಕ್ಕೆ ಕಾರ್ಲ್ ಫ್ರಿಸ್ಟನ್ ಮತ್ತು ಜೊತೆಗಾರರು ಒಂದು ಕಡೆ, ರೆಬೆಕಾ ಸ್ಯಾಕ್ಸ್, ಮ್ಯಾಥ್ಯೂ ಬ್ರೆಟ್, ಕಾನ್‌ವಿಷರ್ ಇನ್ನೊಂದು ಕಡೆ ನಿಂತು ನ್ಯೂರೋಇಮೇಜ್ ಪತ್ರಿಕೆಯಲ್ಲಿ ವಾದ ಮಾಡಿದರು. ಮೊದಲೇ ಗುರುತಿಸಿದ ಜಾಗವನ್ನಷ್ಟೇ ನೋಡುತ್ತಾ ಕೂತರೆ ಬೇರೆಡೆ ಆಗುತ್ತಿರುವುದು ಕಣ್ತಪ್ಪುತ್ತದೆ ಅನ್ನುವ ಆಕ್ಷೇಪದಲ್ಲಿ ಹುರುಳಿದೆ. ಎಲ್ಲಿ ಏನಾಗುತ್ತಿದೆ ಅಂತ ಗೊತ್ತೇ ಇಲ್ಲದಾಗ ಇಡೀ ಮಿದುಳಿನ ಗುಂಪಿನ ಮ್ಯಾಪ್ ಬೇಕು. ಗೊತ್ತಿರುವ ಜಾಗ ಏನು ಮಾಡುತ್ತದೆ ಅಂತ ಕೇಳುವಾಗ ಒಬ್ಬೊಬ್ಬರದ್ದೇ ನೋಡಬೇಕು.

ಲಕ್ಷಣ: ಗುಂಪಿನಲ್ಲಿ ಕಾಣುತ್ತದೆ, ಒಬ್ಬೊಬ್ಬರಲ್ಲಿ ಹುಡುಕಿದರೆ ಇಲ್ಲ

ಗುಂಪಿನ ತುದಿ ಬಿಂದುವಿನಲ್ಲಿ ಪ್ರತಿಯೊಬ್ಬರ ಅಂಕೆಯನ್ನು ಒಂದೊಂದು ಚುಕ್ಕೆಯಾಗಿ ಹಾಕಿ. ಬಾರ್ ಗ್ರಾಫ್ ಬೇಡ, ಚುಕ್ಕೆಗಳೇ ಬೇಕು. 20ರಲ್ಲಿ 18 ಚುಕ್ಕೆ ಸೊನ್ನೆಗಿಂತ ಸ್ವಲ್ಪ ಮೇಲಿದ್ದರೆ ಪರಿಣಾಮ ಸಣ್ಣದು, ಆದರೆ ಬಹುತೇಕ ಎಲ್ಲರಲ್ಲೂ ಒಂದೇ ದಿಕ್ಕಿನದು. ಒಬ್ಬೊಬ್ಬರ ಡೇಟಾ ಗೆರೆ ದಾಟುವಷ್ಟು ಉದ್ದ ಇಲ್ಲ, ಅಷ್ಟೇ. ಇನ್ನೊಂದೆರಡು ರನ್ (ಸ್ಕ್ಯಾನ್‌ನ ಒಂದೊಂದು ಸುತ್ತು) ಜಾಸ್ತಿ ತೆಗೆದುಕೊಂಡರೆ ಸರಿಹೋಗುತ್ತದೆ.

ಒಂದೇ ಚುಕ್ಕೆ ಆಕಾಶದಲ್ಲಿದ್ದು ಉಳಿದವೆಲ್ಲ ನೆಲದಲ್ಲಿದ್ದರೆ ವಿಷಯ ಬೇರೆ. ಒಬ್ಬರಲ್ಲಿ 10, ಉಳಿದ 19 ಜನರಲ್ಲಿ 0 ಅಂತಿಟ್ಟುಕೊಳ್ಳಿ. ಸರಾಸರಿ 0.5. ಜನರ ನಡುವಿನ ವ್ಯತ್ಯಾಸ ಲೆಕ್ಕಕ್ಕೆ ತೆಗೆದುಕೊಂಡರೆ ಸ್ಟ್ಯಾಂಡರ್ಡ್ ಎರರ್ (ಸರಾಸರಿ ಎಷ್ಟು ಅಲುಗಾಡಬಹುದು ಅನ್ನುವ ಅಳತೆ) ಕೂಡ 0.5. ಸರಾಸರಿಯನ್ನು ಅದರಿಂದ ಭಾಗಿಸಿದರೆ ಬರುವ ಟಿ ಬೆಲೆ 1. ಅಂದರೆ ಏನೂ ಇಲ್ಲ. ಇಂಥ ಡೇಟಾ ಗುಂಪಿನಲ್ಲಿ ಹೊಳೆಯುತ್ತಿದೆ ಅಂದರೆ ನೀವು ಫಿಕ್ಸೆಡ್ ಎಫೆಕ್ಟ್ಸ್ ವಿಧಾನ ಬಳಸಿರಬಹುದು. ಅದು ಎಲ್ಲರ ಸ್ಕ್ಯಾನ್‌ಗಳನ್ನೂ ಒಬ್ಬನೇ ಮನುಷ್ಯನದ್ದು ಅನ್ನುವ ಹಾಗೆ ಸಾಲಾಗಿ ಜೋಡಿಸುತ್ತದೆ, ಜನರ ನಡುವಿನ ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಗ ಬರುವ ಉತ್ತರ ಈ ಇಪ್ಪತ್ತು ಜನರಿಗೆ ಮಾತ್ರ ಅನ್ವಯ. ಊರಿನ ಉಳಿದವರ ಬಗ್ಗೆ ಮಾತಾಡಬೇಕಾದರೆ ಜನರ ನಡುವಿನ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯುವ ರ‍್ಯಾಂಡಮ್ ಎಫೆಕ್ಟ್ಸ್ ಬೇಕು. ಅನ್ನ ಬೆಂದಿದೆಯಾ ಅಂತ ನೋಡಲು ಒಂದಗುಳು ಸಾಕು ಅನ್ನುತ್ತೇವೆ, ಆದರೆ ಅದು ಒಂದೇ ಪಾತ್ರೆಯಲ್ಲಿ ಬೆಂದ ಅನ್ನಕ್ಕೆ. ಇಲ್ಲಿ ಇಪ್ಪತ್ತು ಬೇರೆ ಬೇರೆ ಒಲೆಗಳಿವೆ.

ಗೊಂಚಲಿನ (ಒಟ್ಟಿಗೆ ಹೊಳೆಯುವ ಅಕ್ಕಪಕ್ಕದ ವೋಕ್ಸೆಲ್‌ಗಳ) ಗಾತ್ರ ನೋಡಿ ನಿರ್ಧರಿಸುವ ವಿಧಾನ ಬಳಸಿದ್ದರೆ, ವೋಕ್ಸೆಲ್‌ಗಳನ್ನು ಆರಿಸಲು ಇಟ್ಟ ಶುರುವಿನ ಗೆರೆ ಎಷ್ಟಿತ್ತು ನೋಡಿ. 2016ರಲ್ಲಿ ಆಂಡರ್ಸ್ ಎಕ್ಲುಂಡ್, ಥಾಮಸ್ ನಿಕೋಲ್ಸ್, ಹಾನ್ಸ್ ಕ್ನುಟ್ಸನ್ ತೋರಿಸಿದಂತೆ, 5 ಪರ್ಸೆಂಟ್ ಇರಬೇಕಾದ ಸುಳ್ಳು ಫಲಿತಾಂಶ ಕೆಲವು ಸಂದರ್ಭಗಳಲ್ಲಿ 70 ಪರ್ಸೆಂಟ್‌ವರೆಗೂ ಹೋಗಿತ್ತು. ಶುರುವಿನ ಗೆರೆ 0.01 ಇದ್ದಾಗ ತೊಂದರೆ ಜಾಸ್ತಿ, 0.001ಕ್ಕೆ ಬಿಗಿ ಮಾಡಿದರೆ ಕಡಿಮೆ. ಸಾಧ್ಯವಿದ್ದರೆ ಪರ್ಮ್ಯುಟೇಶನ್ ಪರೀಕ್ಷೆಯನ್ನೇ (ಡೇಟಾದ ಗುರುತುಗಳನ್ನು ಮತ್ತೆ ಮತ್ತೆ ಕಲಸಿ, ಆಕಸ್ಮಿಕವಾಗಿ ಏನು ಬರುತ್ತದೆ ಅಂತ ನೋಡುವುದು) ಮಾಡಿ.

ಲಕ್ಷಣ: ಎಲ್ಲರಲ್ಲಿದೆ, ಒಬ್ಬಿಬ್ಬರಲ್ಲಿ ಮಾತ್ರ ಇಲ್ಲ

ಅವರನ್ನು ಪಟ್ಟಿಯಿಂದ ತೆಗೆಯುವ ಮೊದಲು ಅವರು ಒತ್ತಿದ ಬಟನ್‌ಗಳ ದಾಖಲೆ ನೋಡಿ. ಒಂದೇ ಚಿತ್ರ ಎರಡು ಸಲ ಬಂದರೆ ಬಟನ್ ಒತ್ತಿ ಅಂತ ಹೇಳಿರುತ್ತೀರಿ. ಹತ್ತನೇ ನಿಮಿಷದಿಂದ ಒಂದೂ ಬಟನ್ ಇಲ್ಲ ಅಂದರೆ ಪಾಪ, ನಿದ್ದೆ ಬಂದಿದೆ. ಆ ಕತ್ತಲೆ ಕೊಳವೆಯಲ್ಲಿ, ಊಟ ಆದ ಮೇಲೆ, ಯಾರಿಗಾದರೂ ಬರುತ್ತದೆ. ಕನ್ನಡಕ ತೆಗೆದಿಟ್ಟು ಒಳಗೆ ಹೋದವರಿಗೆ ಮುಖಗಳು ಮಸುಕಾಗಿ ಕಂಡಿರಬಹುದು. ಹೋಗುವ ಮುಂಚೆ ಅವರ ಪವರ್ ಕೇಳಿ ಪ್ಲಾಸ್ಟಿಕ್ ಚೌಕಟ್ಟಿನ ಲೆನ್ಸ್ ಕೊಟ್ಟಿದ್ದೀರಾ?

ಆಮೇಲೆ ತಲೆ ಅಲುಗಾಟದ ಗ್ರಾಫ್. ಒಂದು ಸ್ಕ್ಯಾನ್‌ನಿಂದ ಇನ್ನೊಂದಕ್ಕೆ ಅರ್ಧ ಮಿಲಿಮೀಟರ್‌ಗಿಂತ ಜಾಸ್ತಿ ಜಿಗಿತ ಪದೇಪದೇ ಇದ್ದರೆ ಆ ರನ್ ನಂಬಬೇಡಿ. ಕೊನೆಗೆ ಕಚ್ಚಾ ಚಿತ್ರ. ಕಿವಿಯ ನಾಳದೊಳಗಿನ ಗಾಳಿಯಿಂದ ಆಯಸ್ಕಾಂತ ಕ್ಷೇತ್ರ ಕದಡಿ, ಅದರ ಮೇಲಿರುವ ಮಿದುಳಿನ ತಳಭಾಗ ಕಪ್ಪಾಗಿ ಕಾಣಬಹುದು. ಕಪ್ಪು ಹೊಂಡ ಫ್ಯೂಸಿಫಾರ್ಮ್ ತನಕ ಬಂದಿದ್ದರೆ ಅಲ್ಲಿ ಸಿಗ್ನಲ್ಲೇ ಇಲ್ಲ. ಅದನ್ನು 'ಪ್ರತಿಕ್ರಿಯೆ ಇಲ್ಲ' ಅಂತ ಬರೆಯುವುದು ತಪ್ಪು, 'ಅಳೆಯಲಾಗಲಿಲ್ಲ' ಅಂತ ಬರೆಯಬೇಕು.

ಎಲ್ಲ ಸರಿ ಇದ್ದೂ ಸಿಗಲಿಲ್ಲವೇ? ಇರಲಿ. 1997ರಲ್ಲೂ 15ರಲ್ಲಿ 3 ಜನರಲ್ಲಿ ಸಿಕ್ಕಿರಲಿಲ್ಲ. ಆದರೆ ಒಂದು ಮಾತು ಮನಸ್ಸಿನಲ್ಲಿಡಿ: ಆ ವ್ಯಕ್ತಿಗೆ 'ನಿಮಗೆ ಮುಖ ಗುರುತಿಸುವ ಸಮಸ್ಯೆ ಇರಬಹುದು' ಅಂತ ಯಾವತ್ತೂ ಹೇಳಬೇಡಿ. ಮುಖ ಗುರುತಿಸಲು ಆಗದ ಪ್ರೊಸೊಪಗ್ನೋಸಿಯಾ ಇರುವ ಎಷ್ಟೋ ಜನರಲ್ಲಿ ಎಫ್‌ಎಫ್‌ಎ ಹೊಳೆಯುತ್ತದೆ. ಹಾಗಾಗಿ ಅದು ಹೊಳೆಯಿತೋ ಇಲ್ಲವೋ ಅನ್ನುವುದರಿಂದ ರೋಗ ಹೇಳಲಾಗುವುದಿಲ್ಲ.

ಲಕ್ಷಣ: ಬಲಗಡೆ ಬರಬೇಕಾದದ್ದು ಎಡಗಡೆ ಬಂದಿದೆ

ಮುಖದ ಪ್ರತಿಕ್ರಿಯೆ ಸಾಮಾನ್ಯವಾಗಿ ಬಲಭಾಗದಲ್ಲಿ ಜೋರು. ಒಬ್ಬಿಬ್ಬರಲ್ಲಿ ಎಡ ಜೋರಾಗಿದ್ದರೆ ಅವರು ಎಡಗೈಯವರೇ ಅಂತ ನೋಡಿ, ಅವರಲ್ಲಿ ಬಲದ ಒಲವು ಕಡಿಮೆ ಇರುತ್ತದೆ. ಇಡೀ ಗುಂಪೇ ಎಡಕ್ಕೆ ಬಿದ್ದಿದ್ದರೆ ಚಿತ್ರ ಕನ್ನಡಿಯಂತೆ ತಿರುಗಿರಬಹುದು. ಆಸ್ಪತ್ರೆಯವರು ಚಿತ್ರದ ಎಡಭಾಗದಲ್ಲಿ ರೋಗಿಯ ಬಲಭಾಗ ತೋರಿಸುತ್ತಾರೆ, ಸಂಶೋಧನೆಯ ಕೆಲವು ಸಾಫ್ಟ್‌ವೇರ್ ಅದಕ್ಕೆ ಉಲ್ಟಾ. ಸ್ಕ್ಯಾನ್ ಮಾಡುವಾಗ ಬಲ ಕಪಾಳದ ಹತ್ತಿರ ಒಂದು ವಿಟಮಿನ್ ಇ ಮಾತ್ರೆ ಅಂಟಿಸಿದ್ದರೆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ, ಅನುಮಾನವೇ ಬರುವುದಿಲ್ಲ.

ಲಕ್ಷಣ: ಇಇಜಿಯಲ್ಲಿ ಎನ್170 ಅಲೆ ಗುಂಪಿನ ಗ್ರಾಫ್‌ನಲ್ಲಿ ಚಪ್ಪಟೆ

ಇಇಜಿ ಅಂದರೆ ತಲೆಯ ಮೇಲೆ ಇಲೆಕ್ಟ್ರೋಡ್ ಇಟ್ಟು ಮಿದುಳಿನ ವಿದ್ಯುತ್ ಅಲೆ ಅಳೆಯುವುದು. ಮುಖ ನೋಡಿದ ಸುಮಾರು 170 ಮಿಲಿಸೆಕೆಂಡ್‌ಗೆ ತಲೆಯ ಹಿಂಬದಿಯ ಪಕ್ಕಗಳಲ್ಲಿ ಋಣ ಅಲೆಯೊಂದು ಏಳುತ್ತದೆ, ಅದೇ ಎನ್170. 1996ರಲ್ಲಿ ಷ್ಲೋಮೊ ಬೆಂಟಿನ್ ಮತ್ತು ಸಂಗಡಿಗರು ಅದನ್ನು ವಿವರಿಸಿದರು. ಎಫ್‌ಎಂಆರ್‌ಐಯಲ್ಲಿ ಜಾಗ ಚೆದುರುವಂತೆ ಇಲ್ಲಿ ಸಮಯ ಚೆದುರುತ್ತದೆ.

ಇಬ್ಬರನ್ನು ಕಲ್ಪಿಸಿಕೊಳ್ಳಿ. ಒಬ್ಬರ ಅಲೆ 155 ಮಿಲಿಸೆಕೆಂಡ್‌ಗೆ ತುದಿ ಮುಟ್ಟುತ್ತದೆ, ಇನ್ನೊಬ್ಬರದ್ದು 185ಕ್ಕೆ. ಇಬ್ಬರದ್ದೂ −6 ಮೈಕ್ರೋವೋಲ್ಟ್. ಅಲೆ ಸರಳ ತ್ರಿಕೋನ, ತುದಿಯಿಂದ ಆಚೀಚೆ 30 ಮಿಲಿಸೆಕೆಂಡ್‌ಗೆ ಸೊನ್ನೆ ಅಂತಿಟ್ಟುಕೊಳ್ಳಿ. 155ರಲ್ಲಿ ಒಬ್ಬರದ್ದು −6, ಇನ್ನೊಬ್ಬರದ್ದು 0, ಸರಾಸರಿ −3. 170ರಲ್ಲಿ ಇಬ್ಬರದ್ದೂ −3, ಸರಾಸರಿ −3. 185ರಲ್ಲೂ −3. ಚೂಪಾದ ಎರಡು ಅಲೆಗಳು ಸೇರಿ ಅರ್ಧ ಆಳದ ಚಪ್ಪಟೆ ತಟ್ಟೆಯಾಯಿತು. ಆ ತಟ್ಟೆಯ ಆಕಾರ ಇಬ್ಬರಲ್ಲಿ ಯಾರ ಮಿದುಳಿನಲ್ಲೂ ಇಲ್ಲ.

ತಪಾಸಣೆ: ಎಲ್ಲರ ಅಲೆಗಳನ್ನೂ ಒಂದರ ಕೆಳಗೊಂದು ಹಾಕಿ ನೋಡಿ. ಒಬ್ಬೊಬ್ಬರಲ್ಲಿ ಚೂಪಾಗಿದ್ದರೆ ತೊಂದರೆ ಸರಾಸರಿಯದ್ದು. ಆಗ ಒಬ್ಬೊಬ್ಬರಿಂದ ಅಳೆದು ಆ ಅಂಕೆಗಳನ್ನು ಹೋಲಿಸಿ. ಬರೀ ತುದಿ ಅಳೆಯುವಾಗ ಹುಷಾರು. ಮುಖದ ಚಿತ್ರ 40, ವಸ್ತುವಿನ ಚಿತ್ರ 80 ಇದ್ದರೆ, ಕಡಿಮೆ ಚಿತ್ರ ಇರುವ ಕಡೆ ಗದ್ದಲ ಜಾಸ್ತಿ, ಅದರಿಂದಲೇ ತುದಿ ದೊಡ್ಡದಾಗಿ ಕಾಣುತ್ತದೆ. ಸಂಖ್ಯೆ ಸಮ ಮಾಡಿ, ಇಲ್ಲವೇ ಆ ಅವಧಿಯ ಸರಾಸರಿ ಅಳೆಯಿರಿ. ಸಮಯ ಹೋಲಿಸಲು ಜ್ಯಾಕ್‌ನೈಫ್ ವಿಧಾನ (ಪ್ರತಿ ಸಲ ಒಬ್ಬರನ್ನು ಬಿಟ್ಟು ಉಳಿದವರ ಸರಾಸರಿಯಿಂದ ಅಳೆಯುವುದು) ಬಳಸುತ್ತಿದ್ದರೆ ಬಂದ ಟಿ ಬೆಲೆಯನ್ನು ಜನರ ಸಂಖ್ಯೆಗಿಂತ ಒಂದು ಕಡಿಮೆ ಅಂಕೆಯಿಂದ ಭಾಗಿಸಬೇಕು. ಮರೆತರೆ ಎಲ್ಲವೂ ನಿಜ ಅನ್ನಿಸಿಬಿಡುತ್ತದೆ.

ಒಬ್ಬೊಬ್ಬರಲ್ಲೂ ಚಪ್ಪಟೆಯೇ? ರೆಫರೆನ್ಸ್ (ಸೊನ್ನೆ ಅಂತ ಹಿಡಿಯುವ ಇಲೆಕ್ಟ್ರೋಡ್) ಯಾವುದು ನೋಡಿ. ಕಿವಿಯ ಹಿಂದಿನ ಮೂಳೆ ಎನ್170 ಏಳುವ ಜಾಗಕ್ಕೆ ತುಂಬ ಹತ್ತಿರ. ಅದನ್ನೇ ಸೊನ್ನೆ ಅಂತ ಹಿಡಿದರೆ ಅಲೆಯನ್ನು ಅಲೆಯಿಂದಲೇ ಕಳೆದ ಹಾಗೆ. ಎಲ್ಲ ಇಲೆಕ್ಟ್ರೋಡ್‌ಗಳ ಸರಾಸರಿಗೆ ಬದಲಾಯಿಸಿ ನೋಡಿ, ಡೇಟಾ ಮತ್ತೆ ತೆಗೆಯಬೇಕಾಗಿಲ್ಲ. ಆಮೇಲೆ ಪರದೆಯ ಮೇಲೆ ಫೋಟೊಡಯೋಡ್ (ಬೆಳಕು ಗುರುತಿಸುವ ಸಾಧನ) ಅಂಟಿಸಿ ಚಿತ್ರ ನಿಜಕ್ಕೂ ಯಾವಾಗ ಬಂತು ಅಂತ ಅಳೆಯಿರಿ. 60 ಹರ್ಟ್ಜ್ ಪರದೆಯಲ್ಲಿ ಒಂದು ಫ್ರೇಮ್ ತಪ್ಪಿದರೆ ಸುಮಾರು 17 ಮಿಲಿಸೆಕೆಂಡ್. ಒಮ್ಮೆ ತಪ್ಪಿ ಒಮ್ಮೆ ತಪ್ಪದೆ ಇದ್ದರೆ ಒಬ್ಬರೊಳಗೇ ಅಲೆ ಮಸುಕಾಗುತ್ತದೆ. ಇನ್ನು ನಮ್ಮೂರಿನ ಮಾತು: ಹಿಂದಿನ ರಾತ್ರಿ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದರೆ ಇಂಪೀಡೆನ್ಸ್ (ಚರ್ಮ ಮತ್ತು ಇಲೆಕ್ಟ್ರೋಡ್ ನಡುವಿನ ವಿದ್ಯುತ್ ತಡೆ) ಇಳಿಯುವುದೇ ಇಲ್ಲ. ತಲೆ ತೊಳೆದು, ಒಣಗಿಸಿಕೊಂಡು ಬನ್ನಿ ಅಂತ ಫೋನ್‌ನಲ್ಲೇ ಹೇಳಿ.

ಲಕ್ಷಣ: ಫಲಿತಾಂಶ ಅನುಮಾನ ಬರುವಷ್ಟು ಚೆನ್ನಾಗಿದೆ

ಇದನ್ನು ದೋಷ ಅಂತ ಯಾರೂ ತರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮುಖಕ್ಕೆ ಜಾಸ್ತಿ ಸ್ಪಂದಿಸಿದ ವೋಕ್ಸೆಲ್‌ಗಳನ್ನೇ ಆರಿಸಿ, ಅದೇ ಡೇಟಾದಿಂದ 'ಇವು ಮುಖಕ್ಕೆ ಜಾಸ್ತಿ ಸ್ಪಂದಿಸುತ್ತವೆ' ಅಂತ ಅಳೆದರೆ ಅದು ಸುತ್ತುವಾದ. 2009ರಲ್ಲಿ ನಿಕೋಲಾಸ್ ಕ್ರೀಗೆಸ್ಕೋರ್ಟ್ ಮತ್ತು ಸಂಗಡಿಗರು ಇದರ ಬಗ್ಗೆ ಎಚ್ಚರಿಸಿದರು. ಪರೀಕ್ಷೆ ಸುಲಭ. ಬೆಸ ರನ್‌ಗಳಿಂದ ಜಾಗ ಆರಿಸಿ, ಸಮ ರನ್‌ಗಳಿಂದ ಅಳೆಯಿರಿ. ಸ್ವಲ್ಪ ಇಳಿಯುತ್ತದೆ, ಅದು ಸರಿ. ಪೂರ್ತಿ ಕುಸಿದರೆ ನೀವು ಹಿಡಿದದ್ದು ಗದ್ದಲವನ್ನು.

ಇಲ್ಲಿ ನಿಲ್ಲಿಸಿ, ಇನ್ನೊಬ್ಬರನ್ನು ಕರೆಯಿರಿ

ಯಾರದೋ ಮಿದುಳಿನ ಚಿತ್ರದಲ್ಲಿ ಇರಬಾರದ ಗಡ್ಡೆಯಂಥದ್ದು, ಕಲೆ ಕಂಡರೆ ಅವತ್ತೇ ಅನಾಲಿಸಿಸ್ ನಿಲ್ಲಿಸಿ. ಆ ವ್ಯಕ್ತಿಗೆ ನೀವಾಗಿ ಏನೂ ಹೇಳಬೇಡಿ, ಸ್ನೇಹಿತರಿಗೂ ತೋರಿಸಬೇಡಿ. ಸಂಶೋಧನೆಯ ಹೊಣೆ ಹೊತ್ತವರಿಗೆ ತಿಳಿಸಿ, ರೇಡಿಯಾಲಜಿ ಡಾಕ್ಟರ್ ನೋಡಲಿ. ಎಷ್ಟೋ ಸಲ ಅದು ಏನೂ ಆಗಿರುವುದಿಲ್ಲ. ಆಗಿದ್ದರೆ ಹೇಳುವ ರೀತಿ ಅವರಿಗೆ ಗೊತ್ತಿರುತ್ತದೆ.

ಮತ್ತೆ ಸ್ಕ್ಯಾನ್ ಮಾಡಬೇಕಾಗಿ ಬಂದರೆ ಹೊಸ ಒಪ್ಪಿಗೆ ಬೇಕೇ ಅಂತ ಎಥಿಕ್ಸ್ ಸಮಿತಿಯನ್ನು ಕೇಳಿ. ಎಂಆರ್‌ಐ ಆಯಸ್ಕಾಂತ ಸ್ಕ್ಯಾನ್ ನಡೆಯದಿದ್ದಾಗಲೂ ಆನ್ ಆಗೇ ಇರುತ್ತದೆ. ಪರದೆ ಸರಿಮಾಡಲು, ಲೆನ್ಸ್ ಕೊಡಲು ಅಂತ ಜೇಬಿನಲ್ಲಿ ಕೀಲಿಕೈ ಇಟ್ಟುಕೊಂಡು ಒಳಗೆ ಹೋಗಬೇಡಿ. ಪೇಸ್‌ಮೇಕರ್, ದೇಹದೊಳಗೆ ಲೋಹ ಇರುವವರ ಬಗ್ಗೆ ನಿರ್ಧಾರ ನಿಮ್ಮದಲ್ಲ, ಎಂಆರ್‌ಐ ಸಿಬ್ಬಂದಿಯದ್ದು. ತಾಳಿ, ಕಾಲುಂಗುರ, ಮೂಗುತಿ ತೆಗೆಯಲು ಎಷ್ಟೋ ಹೆಂಗಸರಿಗೆ ಮನಸ್ಸು ಬರುವುದಿಲ್ಲ. ಚಿನ್ನ, ಬೆಳ್ಳಿ ಆಯಸ್ಕಾಂತಕ್ಕೆ ಹಾರದೇ ಇರಬಹುದು, ಆದರೆ ಒಳಗೆ ಬಿಸಿಯಾಗಬಹುದು, ಬೇರೆ ಲೋಹ ಬೆರೆತಿರಬಹುದು. ಬಾಗಿಲಲ್ಲಿ ನಿಲ್ಲಿಸಿ ಹೇಳುವ ಬದಲು ಹಿಂದಿನ ದಿನವೇ ತಿಳಿಸಿ, ಆಗುವುದಿಲ್ಲ ಅಂದರೆ ಒತ್ತಾಯ ಮಾಡಬೇಡಿ. ಮಿನುಗುವ ಚಿತ್ರಗಳ ಪ್ರಯೋಗವಾದರೆ ಫಿಟ್ಸ್ ಬಂದ ಇತಿಹಾಸ ಇದೆಯೇ ಅಂತ ಮೊದಲೇ ಕೇಳಿ.

ಕೊನೆಯದಾಗಿ, ಸಹಾಯ ಕೇಳಲು ಡೇಟಾವನ್ನು ಯಾರಿಗಾದರೂ ಕಳಿಸುವಾಗ ನೆನಪಿರಲಿ: ತಲೆಯ ಎಂಆರ್‌ಐ ಚಿತ್ರದಲ್ಲಿ ಮೂಗು, ತುಟಿ, ಹಣೆ ಎಲ್ಲ ಇರುತ್ತದೆ. ಹೆಸರು ಅಳಿಸಿದರೂ ಅದರಿಂದ ಮುಖದ ಆಕಾರ ಕಟ್ಟಿ ಆ ವ್ಯಕ್ತಿಯನ್ನು ಗುರುತಿಸಬಹುದು. ಮುಖ ಅಳಿಸುವ ಡಿಫೇಸಿಂಗ್ ಸಾಫ್ಟ್‌ವೇರ್ ಓಡಿಸಿದ ಮೇಲೆ ಪ್ರತಿಯೊಬ್ಬರ ಚಿತ್ರವನ್ನೂ ತೆರೆದು, ಮುಖ ಹೋಗಿದೆಯೇ, ಮಿದುಳಿನ ಅಂಚು ಉಳಿದಿದೆಯೇ ಅಂತ ಎರಡನ್ನೂ ನೋಡಿ ಕಳಿಸಿ.